ಒಳಗೊಳಗೇ ಇಂಗಿದ್ದು

ನಡುಸಮುದ್ರದಲ್ಲಿದ್ದ ಹಡಗಿನ ಎಣ್ಣೆ ಹಳಸಿದೆಯೆಂದು ದಡದಲ್ಲಿ ನಿಂತೇ ಮೂಸಿ ಹೇಳಿದ ಮೂಗು ಇದು, ಕಪ್ತಾನ ಹಡಗು ತಿರುಗಿಸಿಕೊಂಡು ಬಂದು ಕೈಮುಗಿದಿದ್ದ, ನಂಬದಿದ್ದರೆ ಆ ಹಡಗನ್ನೇ ಕೇಳಿ — ಬಾನೆಟ್ಟಿನಡಿಯಿಂದ ಎದ್ದ ಬಿಸಿಗಾಳಿ ಮುಖಕ್ಕೆ ಬಡಿಯಿತು, ಬಿಸಿ ಮಾತ್ರ, ಬಿಸಿಯ ಬೆನ್ನಿಗೆ ಏನೂ ಬರಲಿಲ್ಲ — ಊರು ತನ್ನನ್ನು ಮೂಗು ಮೇಸ್ತ್ರಿ ಎಂದು ಕರೆಯುವುದು ಸುಮ್ಮನೆಯೇನು, ಉಳಿದ ಮೆಕ್ಯಾನಿಕ್ಕುಗಳಿಗೆ ದೇವರು ಮೂಗು ಕೊಟ್ಟದ್ದು ಕನ್ನಡಕ ನಿಲ್ಲಿಸಲು, ತನಗೆ ಕೊಟ್ಟದ್ದು ಅನ್ನ ಸಂಪಾದಿಸಲು, ಎಂದುಕೊಳ್ಳುತ್ತ ಮೇಸ್ತ್ರಿ ಮತ್ತೊಮ್ಮೆ ಉಸಿರೆಳೆದ, ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತ ಬ್ರೆಡ್ಡಿನ ಅಕ್ಕನಿಗೆ ಕೇಳಿಸುವಷ್ಟು ಜೋರಾಗಿ. ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಬನ್ನು ಹಂಚುವ ಪಿಕಪ್ ಅವಳದು, ಬಾಯಿಯೂ ಅವಳದೇ, ಅಲ್ಲಾ ಮೇಸ್ತ್ರಿ, ಎಂಜಿನ್ ತಣ್ಣಗಿರ್ಲಿ ಅಂತ ಹಾಕಿದ ಕೂಲಂಟ್ ಎಲ್ಲಾ ಎಲ್ಲಿಗೆ ಹೋಗ್ತಿದೆ, ಗಾಡಿಯೇನು ಕದ್ದು ಕುಡೀತಿದೆಯಾ, ಹೋದ ಸಲ ಮೂಸಿ ಏನಿಲ್ಲ ಅಂದ್ರಿ, ಅದರ ಹಿಂದಿನ ಸಲಾನೂ ಏನಿಲ್ಲ ಅಂದ್ರಿ, ನಿನ್ನೆ ಬೆಳಗ್ಗೆ ಮುಂದಿನ ಗಾಜು ಒಳಗಿಂದ ಮಬ್ಬಾಗಿ ಒಬ್ಬ ಸೈಕಲ್ಲಿನವನ ಮೇಲೆ ಹತ್ತಿಸೇಬಿಡ್ತಿದ್ದೆ, ಅವನು ಬೈದ ಬೈಗುಳ ನಿಮಗೇ ಸೇರಬೇಕಾದ್ದು. ತಡಿ ತಾಯಿ, ಇವತ್ತು ಹಿಡಿದೇ ಬಿಡ್ತೀನಿ, ಎಂದ ಮೇಸ್ತ್ರಿ.

ಹಿಡಿಯಬೇಕು, ಆ ಸೈಕಲ್ಲಿನವನು ನಾಳೆಯೂ ಅದೇ ದಾರಿಯಲ್ಲಿ ಬರುತ್ತಾನೆ. ಗಾಡಿಯಡಿಗೆ ಹಾಸಿದ್ದ ರಟ್ಟು ಒಣಗಿದ ಹಪ್ಪಳದಂತಿದೆ, ಒಂದು ತೊಟ್ಟೂ ಬಿದ್ದಿಲ್ಲ, ಎಂಜಿನ್ ಎಣ್ಣೆಗೆ ನೀರು ಬೆರೆತು ಹಾಲು ಹಾಕಿದ ಚಹಾದಂತಾಗಿಲ್ಲ, ಹೊಗೆಕೊಳವೆಯಲ್ಲಿ ಬಿಳಿ ಹೊಗೆಯಿಲ್ಲ, ಆದರೆ ರೇಡಿಯೇಟರಿಗೆ ಪಂಪು ಹಚ್ಚಿ ಗಾಳಿ ತುಂಬಿದರೆ ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಇಳಿಯುತ್ತದೆ, ಮುನಿಸಿಕೊಂಡವರು ತಲೆ ತಗ್ಗಿಸುವ ಹಾಗೆ — ಅಂದರೆ ಒಳಗೇ ಎಲ್ಲೋ ಇಂಗುತ್ತಿದೆ, ಉಳಿದದ್ದು ಬಿಸಿ ಕೂಲಂಟ್ ಹಾಯುವ, ಕ್ಯಾಬಿನ್ನಿನೊಳಗಿನ ಹೀಟರ್ ಒಂದೇ, ಗಾಜಿನ ಮೇಲಿನ ಮಬ್ಬು ಬರೀ ಉಸಿರಿನದಾದರೆ ವಾಸನೆಯಿಲ್ಲ, ಕೂಲಂಟಿನದಾದರೆ ಸಿಹಿ, ಮೂಗಿದ್ದವನಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಮೂಗಿಲ್ಲದವನಾದರೆ ಕಾಲಡಿಯ ಮ್ಯಾಟ್ ಎತ್ತಿ ಕೈಯಾಡಿಸಿ ನೋಡಬಹುದು, ಆದರೆ ಮ್ಯಾಟ್ ಎತ್ತುವುದು ಕುರುಡರ ಕೆಲಸ ಕಣಯ್ಯಾ ಎಂದು ಊರೆಲ್ಲ ಸಾರಿದವನು ತಾನೇ, ಈಗ ಎತ್ತಿದರೆ ನೋಡಿದವರು ಕೇಳುತ್ತಾರೆ, ಕೇಳಿದರೆ ಹೇಳಬೇಕು, ಹೇಳಿದರೆ ನಾಳೆ ಈ ಶೆಡ್ಡಿಗೆ ಯಾರು ಬರುತ್ತಾರೆ, ಯಾರೂ ಬಾರದಿದ್ದರೆ ಯಾರ ಹತ್ತಿರ ಮಾತಾಡುವುದು, ಮನೆಯಲ್ಲಿ ಗೋಡೆಗಳಿಗೆ ಹಡಗಿನ ಕಥೆ ಹೇಳಿ ಹೇಳಿ ಅವಕ್ಕೂ ಬಾಯಿಪಾಠವಾಗಿದೆ — ಇವತ್ತು ಬೆಳಗ್ಗೆ ಒಲೆಗೆ ಬೆನ್ನು ಹಾಕಿ ಕೂತಿದ್ದ, ಹಾಲು ಉಕ್ಕಿ, ಇಂಗಿ, ಸೀದು ಪಾತ್ರೆ ಕರಕಲಾಗಿ, ಹೊಗೆ ಕಣ್ಣಿಗೆ ಹೊಕ್ಕ ಮೇಲಷ್ಟೇ ಗೊತ್ತಾಯಿತು. ರೀ, ಹಾಲು ಸೀದೋಗ್ತಿದೆ, ಹಡಗಿನ ಎಣ್ಣೆ ಮೂಸೋ ಮಹಾರಾಯರಿಗೆ ಮನೆ ಹಾಲು ಗೊತ್ತಾಗಲ್ವಾ, ಎಂದು ಹೆಂಡತಿ ಇದ್ದಾಗ ಒಳಗಿನಿಂದ ಕೂಗುತ್ತಿದ್ದಳು, ಆಗ ಗೊತ್ತಾಗುತ್ತಿತ್ತು, ಅವಳು ಕೂಗಲಿ ಎಂದೇ ಏಳುತ್ತಿರಲಿಲ್ಲ. ಊರಿಗೆಲ್ಲ ಬಂದ ಆ ಜ್ವರ ಇಬ್ಬರಿಗೂ ಒಟ್ಟಿಗೇ ಬಂತು, ಅವಳನ್ನು ಇಡಿಯಾಗಿ ಒಯ್ದಿತು, ಇವನಿಂದ ವಾಸನೆಯನ್ನಷ್ಟೇ, ಮೂಗನ್ನು ಮುಖದ ಮೇಲೆ ಗುರುತಿಗೆ ಬಿಟ್ಟು. ಬಾಗಿಲ ಹಿಂದಿನ ಮೊಳೆಯಲ್ಲಿ ಅವಳ ಬೂದು ಸ್ವೆಟರ್, ಕೊನೆಗೆ ಅವಳು ಕಳಚುವಾಗ ಬಲತೋಳು ಒಳಹೊರಗಾದದ್ದು ಹಾಗೆಯೇ ಇದೆ, ದಿನವೂ ಅದರಲ್ಲಿ ಮುಖ ಹುದುಗಿಸುತ್ತಾನೆ, ಉಣ್ಣೆ ಕೆನ್ನೆಗೆ ಚುಚ್ಚುತ್ತದೆ, ಅಷ್ಟೇ.

ಕ್ಯಾಬಿನ್ನಿಗೆ ಹತ್ತಿ ಬಾಗಿಲು ಹಾಕಿಕೊಂಡ, ಕಣ್ಣುಮುಚ್ಚಿ ತಪಸ್ಸಿಗೆ ಕೂತವನಂತೆ ಉಸಿರೆಳೆದ, ಇದೆಯಾ, ಸಿಹಿ ಇದೆಯಾ, ಸಿಹಿ ಅಂದರೆ ಹೇಗಿರುತ್ತಿತ್ತು — ಕಿಟಕಿಗೆ ಬ್ರೆಡ್ಡಿನ ಅಕ್ಕನ ಮುಖ ಬಂತು, ಏನನ್ನುತ್ತೆ ಮೂಗು, ಕಾದಿದ್ದಾಳೆ, ಏನಾದರೂ ಹೇಳಬೇಕು, ಬಾಯಿ ತಾನಾಗಿಯೇ ಓಡಿತು, ಏನನ್ನುತ್ತೆ ಅಂದ್ರೆ, ನಿನ್ನ ಬನ್ನುಗಳು ಮಾತಾಡೋಕೆ ಬಿಟ್ರೆ ತಾನೇ ತಾಯಿ, ಬೆಣ್ಣೆ ಹಚ್ಚಿದ ಬನ್ನು, ಈಗಷ್ಟೇ ಒಲೆಯಿಂದ ತೆಗೆದದ್ದು, ಎರಡನೇ ಟ್ರೇಯಲ್ಲಿ ಒಂದು ಸ್ವಲ್ಪ ಜಾಸ್ತಿ ಕೆಂಪಾಗಿದೆ, ಘಮ ಅಂದ್ರೆ ಘಮ, ಅದರ ಮುಂದೆ ಪಾಪ ಕೂಲಂಟ್ ಎಲ್ಲಿ ತಲೆ ಎತ್ತುತ್ತೆ. ಅವಳು ನಗಲಿಲ್ಲ. ಹಿಂದೆ ತಿರುಗಿ ನೋಡಿ ಮೇಸ್ತ್ರಿ, ಎಂದಳು, ತಿರುಗಿದ, ಹಿಂದಿನ ಗಾಜಿನಾಚೆ ತಗಡಿನ ತಳ ಬೆಳ್ಳಗೆ ಹೊಳೆಯುತ್ತಿತ್ತು, ಒಂದು ಟ್ರೇಯೂ ಇರಲಿಲ್ಲ. ಬೇಕರಿ ಒಲೆ ನಿನ್ನೆ ಸಂಜೆ ಕೆಡ್ತು, ಇವತ್ತು ಗಾಡಿ ತೊಳೆಸಿ ಖಾಲಿ ತಂದಿದ್ದೀನಿ, ಆದ್ರೂ ಒಳಗೆಲ್ಲಾ ಪಾಕ ಚೆಲ್ಲಿದ ಹಾಗೆ ಸಿಹಿ ವಾಸನೆ, ಇಷ್ಟು ದಿನ ಬನ್ನಿನದು ಅಂದ್ಕೊಂಡಿದ್ದೆ, ನನಗೇ ಬಾಗಿಲಾಚೆ ನಿಂತ್ರೂ ಹೊಡೀತಿದೆ, ನಿಮಗೆ ಬರ್ತಿಲ್ವಾ ಅಣ್ಣಾ? ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನಬಹುದಿತ್ತು, ನೆಗಡಿ ಅನ್ನಬಹುದಿತ್ತು, ನಿನ್ನನ್ನು ಪರೀಕ್ಷೆ ಮಾಡಿದೆ ಅನ್ನಬಹುದಿತ್ತು, ನೂರು ಸುಳ್ಳು ಸಾಲಾಗಿ ಬಂದು ನಿಂತವು, ಆದರೆ ಅವಳು ಮೇಸ್ತ್ರಿ ಎನ್ನಲಿಲ್ಲ, ಅಣ್ಣಾ ಎಂದಳು, ಅವನು ಬಗ್ಗಿ ಕಾಲಡಿಯ ಮ್ಯಾಟ್ ಎತ್ತಿದ, ಕೈಯಾಡಿಸಿದ, ಒದ್ದೆ, ಬೆರಳಿಗೆ ಬೆರಳು ಅಂಟುವಂಥ ಒದ್ದೆ, ಹೀಟರೇ ಸೋರ್ತಿದೆ ತಾಯಿ, ಹೊಸದು ಹಾಕೋವರೆಗೂ ಅದಕ್ಕೆ ಹೋಗೋ ಪೈಪ್ ಕಟ್ಟಿಬಿಡ್ತೀನಿ, ಗಾಜು ಮಬ್ಬಾಗಲ್ಲ, ಎಂದ, ಆಮೇಲೆ, ನನಗೆ ವಾಸನೆ ಬರಲ್ಲ, ಆ ಜ್ವರದಿಂದೀಚೆಗೆ ಯಾವುದೂ ಬರಲ್ಲ, ಎಂದ. ಅವಳು ಬೈದಿದ್ದರೆ ಚೆನ್ನಾಗಿತ್ತು, ಅಂಟಿದ ಬೆರಳನ್ನು ಅಭ್ಯಾಸಕ್ಕೆ ಮೂಗಿನ ಹತ್ತಿರ ಒಯ್ದ, ಇಳಿಸಿದ. ಮನೆ ಇಲ್ಲೇ ಹಿಂದೆ, ಒಂದು ಸ್ವೆಟರ್ ಇದೆ, ನೀನೊಂದ್ಸಲ ಮೂಸಿ ನೋಡ್ತೀಯಾ ತಾಯಿ, ಎಂದ, ಅದರಲ್ಲಿ ಇನ್ನೂ ಏನಾದ್ರೂ ಉಳಿದಿದೆಯಾ, ಇಲ್ಲ ಅದೂ ಒಳಗೊಳಗೇ — ಮೊಳೆ, ಮೊಳೆಯಲ್ಲಿ ಸ್ವೆಟರ್, ಒಳಹೊರಗಾದ ಬಲತೋಳು, ಬಲತೋಳು.