ಅಮ್ಮನ ಮುಖಕ್ಕೆ ಸಾಣೆ

ಅಕ್ಕ ಒಳಗೆ ಬಂದಾಗ ತಮ್ಮ ಕಂಪ್ಯೂಟರಿನ ಮುಂದೆ ಕೂತು ಅಮ್ಮನ ಮುಖಕ್ಕೆ ಸಾಣೆ ಹಿಡಿಯುತ್ತಿದ್ದ.

ಅಮ್ಮನದೆಂದು ಮನೆಯಲ್ಲಿ ಉಳಿದದ್ದು ಒಂದೇ ಒಂದು ಕಪ್ಪು-ಬಿಳುಪು ನೆಗೆಟಿವ್. ಅವಳು ಸತ್ತಾಗ ಇವನಿನ್ನೂ ತೊಟ್ಟಿಲ ಕೂಸು. ಮುಖದ ನೆನಪೇ ಇಲ್ಲ. ಆ ನೆಗೆಟಿವನ್ನು ಸ್ಕ್ಯಾನ್ ಮಾಡಿ, ಬಾಗಿಲಷ್ಟು ದೊಡ್ಡದಾಗಿ ಪ್ರಿಂಟು ತೆಗೆಸಿ ಗೋಡೆಗೆ ಹಾಕುತ್ತೇನೆಂದು ಹಟ ಹಿಡಿದಿದ್ದ. ಹಟ ಸರಿ, ಬುದ್ಧಿ ಬೇಡವೇ? ಮುಖ ಮಸುಕೆನಿಸಿದಾಗಲೆಲ್ಲ ಗೆರೆಗಳನ್ನು ಚೂಪು ಮಾಡುವ ಶಾರ್ಪ್‌ನೆಸ್ಸಿನ ಗುಂಡಿಯನ್ನು ಮೌಸಿನಲ್ಲಿ ಬಲಕ್ಕೆ ಎಳೆಯುವುದು. ಸ್ಕ್ಯಾನರ್ ತಾನೇ ಒಮ್ಮೆ ಶಾರ್ಪ್ ಮಾಡಿತ್ತು. ಅದರ ಮೇಲೆ ಇವನದು ಮತ್ತೆ ಮತ್ತೆ. ಸೊಸೆಯರೆಲ್ಲ ಒಬ್ಬೊಬ್ಬರಾಗಿ ಬಂದು ಒಂದೇ ಪಾತ್ರೆಗೆ ಉಪ್ಪು ಹಾಕಿದ ಹಾಗೆ. ಅಮ್ಮನ ಕೆನ್ನೆಯ ತುಂಬ ಮರಳು ಎರಚಿದಂತೆ ಕಾಳು ಕಾಳು, ಗಲ್ಲದ ಸುತ್ತ ಸುಣ್ಣದಂಥ ಬಿಳಿ ಗೆರೆ. ಫಿಲ್ಮಿನ ಮೇಲಿದ್ದ ಧೂಳೊಂದು ತುಟಿಯಂಚಿಗೆ ಅನ್ನದ ಅಗುಳು ಮೆತ್ತಿದಂತೆ ಬೆಳ್ಳಗೆ ಎದ್ದು ಕೂತಿತ್ತು.

"ಹೆತ್ತವಳಿಗೆ ಸಿಡುಬು ಬರಿಸಿದೀಯಲ್ಲೋ," ಅಂದಳು ಅಕ್ಕ.

ಇನ್ನೊಂದು ಚೂರು ಎಳೆದರೆ ಕಣ್ಣು ಸ್ಪಷ್ಟವಾಗುತ್ತದೆ ಎಂದ ತಮ್ಮ. ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಅಮ್ಮನ ಹಿಂದಿನ ಗೋಡೆಯನ್ನು ನೋಡೆಂದು ಬೆರಳು ಚುಚ್ಚಿ ತೋರಿಸಿದಳು. ಅಲ್ಲಿ ಅಪ್ಪನ ಹೊಸ ಸೈಕಲ್ಲು ಒರಗಿತ್ತು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಅಪ್ಪ ಮಹಾರಾಯ ಫೋಕಸ್ ಮಾಡಿದ್ದು ಸೈಕಲ್ಲಿಗೆ. ಹೆಂಡ್ತಿ ಅಡ್ಡ ನಿಂತಿದ್ಲು, ಅಷ್ಟೆ. ಅವತ್ತು ಕ್ಯಾಮರಾನೇ ಕಾಣದ್ದನ್ನ ಇವತ್ತು ನೀನು ಎಲ್ಲಿಂದ ತೋಡಿ ತೆಗೀತೀಯ?"

ತಮ್ಮ ಮೌಸಿನಿಂದ ಕೈ ತೆಗೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. "ನೀನಾದ್ರೂ ನೋಡಿದೀಯಕ್ಕಾ. ನಾನು ನೋಡಿಲ್ಲ."

ನಾಲಿಗೆಯ ತುದಿಗೆ ಬಂದಿದ್ದ ಬೈಗುಳವನ್ನು ಅಕ್ಕ ನುಂಗಿಕೊಂಡಳು. ಹಾಗೆಂದು ಮೆತ್ತಗಾಗುವ ಪೈಕಿಯಲ್ಲ ಅವಳು. ಮಾಡಿದ್ದನ್ನೆಲ್ಲ ಅಳಿಸಿ ಮೊದಲಿನಂತೆ ಮಾಡೆಂದು ಗದರಿದಳು. ಮರಳು ಹೋಯಿತು, ಅಮ್ಮ ಮತ್ತೆ ಮಂಜಿನೊಳಗೆ ಹೊಕ್ಕಳು. ತಮ್ಮ ಸೋತು ಚಿತ್ರವನ್ನೇ ಮುಚ್ಚಿಬಿಟ್ಟ. ಆಗ ಫೋಲ್ಡರಿನಲ್ಲಿ ಅದೇ ಚಿತ್ರ ಪುಟ್ಟದಾಗಿ ಕಾಣಿಸಿತು.

"ತಡಿ. ಇಲ್ಲಿದಾಳೆ ನೋಡು," ಅಂದಳು ಅಕ್ಕ.

ಚಿತ್ರ ಕುಗ್ಗಿದ ಹಾಗೆ ಮಸುಕೂ ಕುಗ್ಗಿತ್ತು. ಹುಬ್ಬು, ಕಣ್ಣು, ಅರೆತೆರೆದ ಬಾಯಿ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಸೈಕಲ್ಲನ್ನು ಕತ್ತರಿಸಿ ಎಸೆ, ಅಮ್ಮನಷ್ಟನ್ನೇ ಉಳಿಸಿ ಅಂಗೈಯಗಲ ತೆಗೆಸು, ದೊಡ್ಡಸ್ತಿಕೆ ಅಪ್ಪನ ಕಾಲಕ್ಕೇ ಮುಗಿಯಲಿ ಎಂದು ಅಕ್ಕ ಅಪ್ಪಣೆ ಕೊಡಿಸಿದಳು.

ಪ್ರಿಂಟು ಕೈಗೆ ಬಂದ ದಿನ ತಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ನಗ್ತಿದಾಳಲ್ವಾ?"

"ನಗೋದೆಲ್ಲಿ ಬಂತು? ಒಲೆ ಮೇಲೆ ಹಾಲಿಟ್ಟು ಬಂದಿದೀನಿ, ಬೇಗ ತೆಗೀರಿ ಅಂತ ಅಪ್ಪನಿಗೆ ಬೈತಿದ್ಲು. ನಾನು ಅಲ್ಲೇ ನಿಂತಿದ್ದೆ."

"ಇನ್ನೇನೇನು ಬೈದ್ಲು?"

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಸೊಂಟಕ್ಕೆ ಕೈಯಿಟ್ಟು, ಕತ್ತನ್ನು ಕೊಂಚ ಓರೆ ಮಾಡಿ, ಅಮ್ಮನ ದನಿಯಲ್ಲೇ ಬೈಯಲು ಶುರು ಮಾಡಿದಳು.