ಗುಡುಗಣ್ಣನ ಎಡಭುಜ

"ಭುಜ ಮತ್ತೆ ಇಳಿಬಿದ್ದಿದೆಯಲ್ಲಮ್ಮ! ಇವನು ಮೂಟೆ ಹೊತ್ತೋನಲ್ಲ, ಗಿರಣಿ ಧಣಿ ಮಗ. ನೆಟ್ಟಗೆ ನಿಲ್ಲಿಸು."

ಮಾಲೀಕರು ಪುಟವನ್ನು ಚಿತ್ರಗಾರ್ತಿಯ ಮೇಜಿಗೆ ವಾಪಸು ತಳ್ಳಿದರು. ನಿಜ, ಹೊಸ ನಾಯಕನ ಎಡಭುಜ ಜೋತುಬಿದ್ದಿತ್ತು. ಅವಳ ಕೈ ತನ್ನಷ್ಟಕ್ಕೆ ಹಳೆಯ ಗೆರೆ ಎಳೆದುಬಿಟ್ಟಿತ್ತು.

ಮಕ್ಕಳ ಚಿತ್ರಕಥೆ ಪತ್ರಿಕೆಯ ಮೊದಲ ಸಂಚಿಕೆಯಿಂದಲೂ ಗುಡುಗಣ್ಣನನ್ನು ಬಿಡಿಸಿದವಳು ಅವಳೇ. ಹಗಲು ಅವನು ಸಂತೆಪೇಟೆಯಲ್ಲಿ ಹಮಾಲಿ. ಮುಖವಾಡ ತೊಟ್ಟು ಚಪ್ಪಾಳೆ ತಟ್ಟಿದನೆಂದರೆ ಕಾಳಸಂತೆಯ ಗೋದಾಮುಗಳ ಬಾಗಿಲು ಹಾರಿಹೋಗುತ್ತಿದ್ದವು. ಈಗೀಗ ಅಂಗಡಿಗಳಿಂದ ಪತ್ರಿಕೆಯ ಕಟ್ಟುಗಳು ದಾರ ಕೂಡ ಬಿಚ್ಚದೆ ಮರಳುತ್ತಿದ್ದವು. ಮಾಲೀಕರು ಮದ್ದು ಕಂಡುಕೊಂಡಿದ್ದರು: ಮುಖವಾಡ ಅದೇ, ಒಳಗಿನ ಮನುಷ್ಯ ಬೇರೆ.

"ಹಮಾಲಿ ಆಗಬೇಕು ಅಂತ ಯಾವ ಮಗು ಕನಸು ಕಾಣುತ್ತೆ?"

"ಹಮಾಲರ ಮಕ್ಕಳೂ ಓದ್ತಾರೆ ಸಾರ್."

"ಓದ್ತಾರೆ, ಕೊಳ್ಳಲ್ಲ. ಒಂದು ಪುಸ್ತಕ ಇಡೀ ಬೀದಿ ಸುತ್ತುತ್ತೆ. ಆ 'ಅಣ್ಣ' ಅನ್ನೋದನ್ನೂ ತೆಗಿ. ಬರೀ ಗುಡುಗು ಸಾಕು."

"ಅಣ್ಣ ಹೋದ್ರೆ ಬರೀ ಸದ್ದು ಉಳಿಯುತ್ತೆ ಸಾರ್."

ಅವರು ನಗಲಿಲ್ಲ. ಅವಳು ಬಿಳಿ ಬಣ್ಣದ ಶೀಶೆಯ ಮುಚ್ಚಳ ತಿರುವಿದಳು. ಹಳೆಯ ಗೆರೆಯನ್ನು ಅಳಿಸಿದಳು, ಒಣಗಲು ಬಿಟ್ಟಳು, ಹೊಸ ಗೆರೆ ಎಳೆದಳು. ಪುಟದಿಂದ ಪುಟಕ್ಕೆ ಭುಜ ಮೇಲೇರುತ್ತ ಹೋಯಿತು.

ಮೂಟೆ ಹೊತ್ತು ಇಳಿಬಿದ್ದ ಆ ಹಳೆಯ ಭುಜ ಅವಳ ಅಪ್ಪನದು. ಕಚೇರಿಯಲ್ಲಿ ಅವಳು ಬಾಯಿಬಿಟ್ಟಿರಲಿಲ್ಲ. ಅಪ್ಪನಿಗೆ ಮಾತ್ರ ಮೊದಲ ಸಂಚಿಕೆಯಲ್ಲೇ ಗುರುತು ಸಿಕ್ಕಿತ್ತು. "ನನ್ನನ್ನೇ ಕದ್ದಿದೀಯಲ್ಲೇ ಕಳ್ಳಿ!" ಎಂದು ನಕ್ಕಿದ್ದ. ಅಂದಿನಿಂದ ನೆರೆಮನೆಯ ಮಕ್ಕಳಿಗೆ ಅವನೇ ಗುಡುಗಣ್ಣ. ಅವರಿಗಾಗಿ ಮೆಟ್ಟಿಲನ್ನು ದಡದಡ ಸದ್ದು ಮಾಡುತ್ತಲೇ ಇಳಿಯುತ್ತಿದ್ದ.

ಹೊಸ ಸಂಚಿಕೆ ಬಂದ ಸಂಜೆ ಅವಳು ಅದನ್ನು ಚೀಲದಿಂದ ಹೊರತೆಗೆಯಲಿಲ್ಲ. ಅಪ್ಪ ತಾನೇ ಕೈಚಾಚಿದ.

"ಎಲ್ಲಿ, ಈ ಸಲ ನಾನೇನು ಮಾಡಿದೀನಿ, ತೋರಿಸು."

ಕೊಟ್ಟಳು. ಅಪ್ಪ ನಾಲ್ಕಾರು ಹಾಳೆ ತಿರುವಿ ಕತ್ತೆತ್ತಿದ.

"ಯಾರೇ ಇವನು? ಕೋಲು ನುಂಗಿದೋನ ಥರ ನಿಂತಿದಾನೆ."

"ಹೊಸಬನಪ್ಪ. ನಿನ್ನನ್ನ ಕೆಲಸದಿಂದ ಬಿಡಿಸಿಬಿಟ್ರು."

"ಬಿಡಿಸೋಳು ನೀನಲ್ವೇನೆ?"

ಅಪ್ಪ ನಗುತ್ತಲೇ ಅಂದದ್ದು. ಅವಳಿಗೆ ನಗು ಬರಲಿಲ್ಲ. ಬಿಳಿ ಬಣ್ಣ ಇನ್ನೂ ಉಗುರಿನ ಸಂದಿಯಲ್ಲಿತ್ತು.

ಅಪ್ಪ ಕೊನೆಯ ಪುಟಕ್ಕೆ ಬಂದ. ಬೀದಿದೀಪಕ್ಕೆ ಬೆನ್ನು ಮಾಡಿ ಗಿರಣಿ ಧಣಿಯ ಮಗ ಎದೆಯುಬ್ಬಿಸಿ ನಿಂತಿದ್ದ. ಎದುರಿನ ಗೋಡೆಯ ಮೇಲೆ ಅವನ ಉದ್ದನೆಯ ನೆರಳು. ಅಪ್ಪನ ಬೆರಳು ಆ ನೆರಳಿನ ಮೇಲೆ ನಿಂತಿತು. ಅವಳು ಬಗ್ಗಿ ನೋಡಿದಳು. ಆಳಿನ ಭುಜ ತಿದ್ದಿದ್ದಳು, ನೆರಳಿನದನ್ನು ಮರೆತಿದ್ದಳು.

"ನಾಳೆ ಬೈತಾರಪ್ಪ," ಎಂದಳು.

ಕೆಳಗಿನಿಂದ ಮಕ್ಕಳು ಕೂಗಿದವು. ಅಪ್ಪ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎದ್ದು, ಮೆಟ್ಟಿಲಿಳಿಯತೊಡಗಿದ. ದೀಪದ ಬೆಳಕಿನಲ್ಲಿ ಅವನ ನೆರಳು ಒಂದು ಕಡೆ ತಗ್ಗಿ, ಗೋಡೆಗುಂಟ ದಡದಡನೆ ಇಳಿಯಿತು.