ನಾಲ್ಕನೆಯ ಸೀಸೆ

ಟಿಕ್.

ಅಷ್ಟೇ ಸದ್ದು. ಹೊತ್ತು ಒಂದೂವರೆ ಇರಬಹುದು. ಸೊಸೆ ಕತ್ತಲಲ್ಲಿ ಕಣ್ಣು ಬಿಟ್ಟಳು. ಗೋಡೆಯಾಚೆ ಅತ್ತೆಯ ಕೋಣೆ. ಅತ್ತೆಯ ಮಗ್ಗುಲಲ್ಲಿ ಸೊಸೆಯ ನಾಲ್ಕೂವರೆ ವರ್ಷದ ಮಗಳು ಮಲಗುತ್ತಿದ್ದಳು. ಅದು ತಗಡಿನ ಡಬ್ಬಿಯ ಮುಚ್ಚಳ ಎದ್ದ ಸದ್ದು, ಅನುಮಾನವೇ ಇಲ್ಲ. ಸ್ವಲ್ಪ ಹೊತ್ತು ಗುಸುಗುಸು. ಮತ್ತೆ ಟಿಕ್, ಮುಚ್ಚಿದ್ದು. ಆಮೇಲೆ ಮಗು ಏನನ್ನೋ ಚೀಪುವ ಸಪ್ಪಳ.

ಸೊಸೆ ಎದ್ದು ಹೋಗಲಿಲ್ಲ. ಎದ್ದು ನೋಡುವುದಕ್ಕಿಂತ ಮಲಗಿ ಕೇಳಿಸಿಕೊಳ್ಳುವುದೇ ಅವಳ ಸ್ವಭಾವ. ನಾಲ್ಕು ರಾತ್ರಿ ಹೀಗೇ ಕಿವಿಗೊಟ್ಟು ಮಲಗಿದಳು.

ಮಗಳನ್ನು ಮನೆಯಲ್ಲಿ ಎಲ್ಲರೂ ಗಿಣಿ ಎನ್ನುತ್ತಿದ್ದರು. ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚಿದವಳಲ್ಲ. ಆ ಗಿಣಿ ಎರಡು ತಿಂಗಳಿಂದ ಮಾತು ಕಡಿಮೆ ಮಾಡಿದ್ದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಬುಡದಲ್ಲಿ ಕಂದು ತಿರುಗಿ, ನೆನೆದ ಸೀಮೆಸುಣ್ಣದ ಹಾಗೆ ಪುಡಿಯಾಗುತ್ತಿದ್ದವು. ಎರಡು ದವಡೆ ಹಲ್ಲಿನಲ್ಲಿ ಗುಳಿ ಬಿದ್ದಿತ್ತು.

ಬೇರೆ ಯಾರ ಮನೆಯಲ್ಲಾದರೂ ಸರಿ, ಇದು ಈ ಮನೆಯಲ್ಲಿ ಆಗಬಾರದಿತ್ತು. ಸೊಸೆ ದಂತವೈದ್ಯ ಕಾಲೇಜಿನ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಇದ್ದಳು. ಕಿತ್ತ ಹಲ್ಲುಗಳನ್ನು ತೊಳೆದು, ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ವಿದ್ಯಾರ್ಥಿಗಳಿಗೆ ಕೊಡುವುದು ಅವಳ ಕೆಲಸ. ಸುದ್ದಿ ತಿಳಿದ ದಿನ ಲ್ಯಾಬಿನ ಅಟೆಂಡರ್ ಹಲ್ಲುಕಿರಿದಿದ್ದ: "ಏನಮ್ಮಾ, ಇನ್ಮೇಲೆ ಸ್ಯಾಂಪಲ್ಲು ಮನೆಯಿಂದಲೇ ತಂದ್ಬಿಡ್ತೀಯೇನು?"

ಮನೆಯಲ್ಲಿ ಅವಳ ಕಾವಲಿಗೆ ಕೊರತೆಯೇನೂ ಇರಲಿಲ್ಲ. ದೊಡ್ಡವರ ಬಾಯಿಂದ ಕ್ರಿಮಿ ಮಗುವಿಗೆ ಹತ್ತುತ್ತದೆಂದು ಗಿಣಿಯ ಚಮಚ, ಲೋಟ ಬೇರೆ. ಬಾಯಿಗೆ ಮುತ್ತಿಡುವ ಹಾಗಿಲ್ಲ. ರಾತ್ರಿ ಎಂಟಕ್ಕೆ ಸೊಸೆಯೇ ನಿಂತು ಹಲ್ಲುಜ್ಜಿಸಬೇಕು. ಆಮೇಲೆ ನೀರು ಬಿಟ್ಟು ಇನ್ನೇನೂ ಇಲ್ಲ. ಒಂಬತ್ತಕ್ಕೆ ಉಬ್ಬಸದ ಸಿರಪ್ಪು ಒಂದು ಅಳತೆ. ಅದನ್ನೂ ಅವಳೇ ಕುಡಿಸಬೇಕು. ಔಷಧಿಯ ವಿಷಯದಲ್ಲಿ ಅವಳು ಗಂಡನ ಕೈಯನ್ನೂ ನಂಬುತ್ತಿರಲಿಲ್ಲ. ಗಿಣಿ ಅಳತೆಯ ಮುಚ್ಚಳ ನೆಕ್ಕಿ, ಹಾಗೇ ಹೋಗಿ ಅಜ್ಜಿಯ ಹೊದಿಕೆಯೊಳಗೆ ನುಸುಳುತ್ತಿದ್ದಳು.

ಇಷ್ಟೆಲ್ಲಾ ಇದ್ದೂ ಹಲ್ಲು ಹಾಳಾಗಿದೆಯೆಂದರೆ ಕಾವಲಿನಲ್ಲಿ ಎಲ್ಲೋ ತೂತು ಇರಬೇಕು. ಸೊಸೆ ಆ ತೂತನ್ನು ಹುಡುಕುತ್ತಿದ್ದಳು. ಆಗಲೇ ಡಬ್ಬಿಯ ಸದ್ದು ಕೇಳಿಸಿದ್ದು.

ಅದಕ್ಕೆ ವಾರದ ಹಿಂದೆ ಅತ್ತೆ ಸೊಸೆ ಊಟದ ಮೇಜಿನ ಎದುರುಬದುರು ಕೂತು ಚೆನ್ನಾಗಿಯೇ ಮಾತಾಡಿದ್ದರು. ಕಾಲೇಜಿನಲ್ಲಿ ವಸ್ತುಪ್ರದರ್ಶನವಿತ್ತು. ಹಿರಿಯ ಮೇಷ್ಟ್ರು ಅದರ ಫಲಕಗಳನ್ನು ಬರೆಯುವ ಕೆಲಸವನ್ನು ಸೊಸೆಗೆ ವಹಿಸಿದ್ದರು. ಅತ್ತೆ ಹುರುಳಿಕಾಯಿ ಮುರಿಯುತ್ತಾ ಕೇಳಿದರು:

"ಏನಮ್ಮಾ ಅಷ್ಟೊಂದು ಬರೀತಿದ್ದೀಯಾ?"

"ಹಲ್ಲು ಯಾಕೆ ಹುಳುಕಾಗತ್ತೆ ಅಂತ ಜನ ಕಾಲಕಾಲಕ್ಕೆ ಏನೇನು ಅಂದ್ಕೊಂಡಿದ್ರು ಅನ್ನೋದು ಅತ್ತೆ. ಮೊದಲನೇ ಮೇಜು ಹುಳದ್ದು. ಹಲ್ಲೊಳಗೆ ಹುಳ ಕೂತು ಕೊರೆಯತ್ತೆ ಅಂತ ಸಾವಿರಾರು ವರ್ಷ ನಂಬಿದ್ರಂತೆ."

"ನಂಬಿದ್ರಂತೆ ಅಂತೀಯಲ್ಲ! ನಮ್ಮಪ್ಪ ಆ ಹುಳ ತೆಗೆದೇ ಐದು ಮಕ್ಕಳ ಹೊಟ್ಟೆ ತುಂಬಿಸಿದ್ದು."

ಸೊಸೆ ಪೆನ್ನು ಕೆಳಗಿಟ್ಟಳು. ಅತ್ತೆ ಹೇಳಿದರು: ಕಾದ ಕಬ್ಬಿಣದ ತುಂಡಿನ ಮೇಲೆ ಒಂದು ಚಿಟಿಕೆ ಬೀಜ ಹಾಕುವುದು. ಎದ್ದ ಹೊಗೆಯನ್ನು ಕೊಳವೆಯಲ್ಲಿ ನೋವಿರುವ ಕೆನ್ನೆಯೊಳಗೆ ಬಿಡುವುದು. ಆಮೇಲೆ ನೀರಿನ ಬಟ್ಟಲಿಗೆ ಉಗುಳಿಸುವುದು. ಬಟ್ಟಲಲ್ಲಿ ಬಿಳಿಬಿಳಿ ಎಳೆಗಳು ತೇಲುತ್ತಿದ್ದವು.

"ಬೀಜ ಸಿಡಿದ್ರೆ ಒಳಗಿನ ಮೊಳಕೆ ಹೊರಗೆ ಬರತ್ತೆ. ಅದೇ ಹುಳ. ಬಟ್ಟಲು ಹಿಡೀತಿದ್ದೋಳು ನಾನೇ, ನನಗೆ ಗೊತ್ತಿರಲ್ವಾ?"

"ಮತ್ತೆ ಅದು ಮೋಸ ಅಲ್ವಾ ಅತ್ತೆ?"

"ಮೋಸಾನೇ. ಆದ್ರೆ ಒಂದು ನೋಡು, ಹುಳ ಅಂದ್ರೆ ಯಾರ ತಪ್ಪೂ ಅಲ್ಲ. ಗಂಡ ಹೆಂಡ್ತಿನ ಬೈಯೋ ಹಾಗಿಲ್ಲ, ಹೆಂಡ್ತಿ ಅತ್ತೆನ ಬೈಯೋ ಹಾಗಿಲ್ಲ. ಎಲ್ಲಾ ಸೇರಿ ಹುಳಕ್ಕೆ ನಾಲ್ಕು ಶಾಪ ಹಾಕಿ ಮನೆಗೆ ಹೋಗೋರು. ಈಗ ನಿಮ್ಮ ಕಾಲೇಜಲ್ಲಿ ಯಾರಿಗೆ ಶಾಪ ಹಾಕ್ತಾರೆ?"

ಸೊಸೆ ನಕ್ಕಳು. ಆದರೆ ಫಲಕಗಳನ್ನು ಬರೆಯುತ್ತಾ ಹೋದಂತೆ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಎರಡನೆಯ ಮೇಜು ಮೈಯೊಳಗಿನ ಕೆಟ್ಟ ರಸಗಳದ್ದು: ಹಾಳಾಗುವ ಹಲ್ಲು ಒಳಗಿನಿಂದಲೇ ಹಾಳಾಗುತ್ತದೆ ಎನ್ನುವ ವಾದ, ಅಲ್ಲಿ ತಪ್ಪು ರೋಗಿಯ ಮೈಯದ್ದೇ. ಮೂರನೆಯದು ಹುಳಿಯದ್ದು. ನಾಲ್ಕನೆಯದು ಕ್ರಿಮಿಯದ್ದು: ಬಾಯಲ್ಲಿ ಉಳಿದ ಸಿಹಿಯನ್ನು ಕ್ರಿಮಿ ತಿಂದು ಹುಳಿ ಮಾಡುತ್ತದೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಐದನೆಯದು ತಾಯಿಯ ಎಂಜಲಿನದ್ದು. ಹೊಸದಾಗುತ್ತಾ ಬಂದಂತೆ ಕಾರಣ ಮನೆಯ ಹತ್ತಿರ ಹತ್ತಿರ ಬರುತ್ತಿತ್ತು.

ಐದನೆಯ ರಾತ್ರಿ ಟಿಕ್ ಎಂದ ಕೂಡಲೇ ಸೊಸೆ ಎದ್ದು ಹೋಗಿ ದೀಪ ಹಾಕಿದಳು. ಅತ್ತೆ ಹಾಸಿಗೆಯಲ್ಲಿ ಡಬ್ಬಿ ಹಿಡಿದು ಕೂತಿದ್ದರು. ಗಿಣಿಯ ಕೆನ್ನೆ ಒಂದು ಕಡೆ ಉಬ್ಬಿತ್ತು.

"ಅಜ್ಜಿ, ಅಮ್ಮ ಬಂದ್ಲು," ಎಂದಳು ಗಿಣಿ ಮೆಲ್ಲಗೆ.

ಡಬ್ಬಿಯ ತುಂಬಾ ಲವಂಗ. ನಡುವೆ ನಾಲ್ಕು ಚೂರು ಕಲ್ಲುಸಕ್ಕರೆ. ಸೊಸೆಯ ಕಣ್ಣಿಗೆ ಬಿದ್ದದ್ದು ಕಲ್ಲುಸಕ್ಕರೆ ಮಾತ್ರ.

"ಇದೇನಿದು ಅತ್ತೆ?"

"ನೋವು ಅಂತ ಅಳ್ತಿತ್ತು ಕಣಮ್ಮ. ಬೆಳಗ್ಗೆ ನೀನು ಕೆಲಸಕ್ಕೆ ಹೋಗಬೇಕು, ಎಬ್ಬಿಸೋದು ಬೇಡ ಅಂತ… ಬರೀ ಲವಂಗ ಖಾರ ಅಂದ್ಲು, ಅದಕ್ಕೆ ಒಂದು ಚೂರು ಜೊತೆಗೆ…"

"ಎಷ್ಟು ದಿನದಿಂದ?"

"ನಾಲ್ಕೋ ಐದೋ ದಿನ."

"ಐದು ನಾನು ಕೇಳಿಸ್ಕೊಂಡಿದ್ದು. ಕೇಳಿಸ್ಕೊಳ್ಳದೇ ಇದ್ದದ್ದು ಎಷ್ಟು? ನಾನು ಇಲ್ಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋದು, ನೀವು ಹಿಂದಿನಿಂದ ಸಕ್ಕರೆ ತಿನ್ಸೋದು! ಮಗುವಿನ ಬಾಯಿ ನೋಡಿ. ನಿಮ್ಮಪ್ಪ ಸುಳ್ಳು ಹುಳ ತೆಗೀತಿದ್ರು, ನೀವು ನಿಜವಾದ ಹುಳ ಬಿಟ್ಟಿದ್ದೀರಿ."

ಅತ್ತೆ ಡಬ್ಬಿಯ ಮುಚ್ಚಳ ಒತ್ತಿ ಸೊಸೆಯ ಕೈಗೆ ಕೊಟ್ಟರು. ಮರುದಿನ ಬೆಳಗ್ಗೆ ನಾಲ್ಕು ಸೀರೆ ಮಡಚಿಕೊಂಡು, "ಸ್ವಲ್ಪ ದಿನ ಮಗಳ ಮನೇಲಿ ಇದ್ದು ಬರ್ತೀನಿ," ಎಂದರು. ಮಗ ಸೊಸೆಯ ಮುಖ ನೋಡಿದ. ಸೊಸೆ ಕಿಟಕಿಯಾಚೆ ನೋಡಿದಳು.

ಆರು ಹಲ್ಲು ಕೀಳಬೇಕಾಯಿತು. ಅಷ್ಟು ಚಿಕ್ಕ ಮಗುವಿಗೆ ಪ್ರಜ್ಞೆ ತಪ್ಪಿಸಿಯೇ ಕೀಳಬೇಕು. ಉಬ್ಬಸದ ಮಗುವೆಂದು ಅರಿವಳಿಕೆಯ ಡಾಕ್ಟರು ಎರಡು ಕಡೆ ರುಜು ಹಾಕಿಸಿಕೊಂಡರು. ಅರ್ಧ ಗಂಟೆಯ ಕೆಲಸ ಎರಡು ಗಂಟೆಯಾಯಿತು. ಹೊರಗೆ ತಂದಾಗ ಗಿಣಿಯ ತುಟಿ ನೀಲಿಗಟ್ಟಿತ್ತು. ಎರಡು ದಿನ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಸೊಸೆ ಪಕ್ಕದಲ್ಲಿ ಕೂತು ಒಂದೊಂದು ಉಸಿರನ್ನೂ ಕಾದಳು. ಪ್ರತಿ ಉಸಿರಿಗೂ ಅತ್ತೆಯ ಮೇಲಿನ ಸಿಟ್ಟು ಒಂದು ಕೂದಲೆಳೆಯಷ್ಟು ಗಟ್ಟಿಯಾಯಿತು. ಮೂರನೆಯ ದಿನ ಬೋಡು ಬಾಯಲ್ಲಿ ಗಿಣಿ ಕೇಳಿದ ಮೊದಲ ಮಾತು: "ಅಜ್ಜಿ ಎಲ್ಲಿ?"

ಅಂದು ರಾತ್ರಿ ಗಂಡ ಹೇಳಿದ, "ಅಮ್ಮನ್ನ ಕರ್ಕೊಂಡು ಬರ್ತೀನಿ ಕಣೆ. ನಾಲ್ಕು ಚೂರು ಕಲ್ಲುಸಕ್ಕರೆಗೆ ಆರು ಹಲ್ಲು ಹೋಗತ್ತೇನೇ?"

"ಹೋಗತ್ತೆ. ತೋರಿಸ್ತೀನಿ. ನೋಡಿ, ಆಮೇಲೆ ಕರ್ಕೊಂಡು ಬನ್ನಿ."

ತೋರಿಸುವುದಕ್ಕೆ ಪ್ರದರ್ಶನದ ನಾಲ್ಕನೆಯ ಮೇಜು ಇದ್ದೇ ಇತ್ತು. ನೂರು ವರ್ಷಕ್ಕೂ ಹಿಂದೆ ಒಬ್ಬ ವೈದ್ಯ ಕಿತ್ತ ಹಲ್ಲುಗಳನ್ನು ಎಂಜಲಿನಲ್ಲಿ ಹಾಕಿ, ಒಂದಕ್ಕೆ ಬ್ರೆಡ್ಡು, ಇನ್ನೊಂದಕ್ಕೆ ಮಾಂಸ ಬೆರೆಸಿ, ಮೈಯ ಬಿಸಿಯಲ್ಲಿ ಇಟ್ಟಿದ್ದ. ಬ್ರೆಡ್ಡಿನ ಹಲ್ಲು ಮೆತ್ತಗಾಗಿತ್ತು, ಮಾಂಸದ್ದು ಆಗಿರಲಿಲ್ಲ. ಅದನ್ನೇ ಮತ್ತೆ ಮಾಡಿ ತೋರಿಸಬೇಕೆಂದು ಮೇಷ್ಟ್ರು ಹೇಳಿದ್ದರು. ಸೊಸೆ ಗಟ್ಟಿಮುಟ್ಟಾದ ಹಲ್ಲುಗಳನ್ನು ಆರಿಸಿ ತೊಳೆದಳು. ಬೆಳಗ್ಗೆ ಬಾಯಿ ಮುಕ್ಕಳಿಸದೆ ಬಂದು ತನ್ನದೇ ಎಂಜಲನ್ನು ಸೀಸೆಗಳಿಗೆ ಹಾಕಿದಳು. ಅಟೆಂಡರ್ ಮುಖ ತಿರುಗಿಸಿ, "ಥೂ, ವಿಜ್ಞಾನ ಅಂದ್ರೆ ಇದೇನಾ!" ಎಂದ. ಮೊದಲನೆಯದಕ್ಕೆ ಬ್ರೆಡ್ಡು, ಎರಡನೆಯದಕ್ಕೆ ಮಾಂಸ, ಮೂರನೆಯದಕ್ಕೆ ಅತ್ತೆಯ ಡಬ್ಬಿಯ ಕಲ್ಲುಸಕ್ಕರೆ.

ಮೇಷ್ಟ್ರು ಕನ್ನಡಕ ಮೇಲೆತ್ತಿ ನೋಡಿದರು. "ಇನ್ನೊಂದು ಇಡಮ್ಮ. ದಿನಾ ಬಾಯಿಗೆ ಹೋಗಬೇಕು, ಆದ್ರೆ ತಿಂಡಿ ಆಗಿರಬಾರದು. ಜನಕ್ಕೆ ಹೋಲಿಸೋಕೆ ಒಂದು ನಿರಪಾಯದ್ದು ಬೇಕಲ್ಲ?"

ಸೊಸೆಯ ಚೀಲದಲ್ಲಿ ಅಂದೇ ಕೊಂಡಿದ್ದ ಗಿಣಿಯ ಸಿರಪ್ಪಿತ್ತು. ಔಷಧಿಗಿಂತ ನಿರಪಾಯದ್ದು ಇನ್ನೇನು? ಒಂದು ಅಳತೆ ನಾಲ್ಕನೆಯ ಸೀಸೆಗೆ ಸುರಿದು, ಬಿಸಿ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದಳು.

ಮೂರು ವಾರದ ನಂತರ, ಪ್ರದರ್ಶನದ ಹಿಂದಿನ ಸಂಜೆ, ಲ್ಯಾಬಿನಲ್ಲಿ ಒಬ್ಬಳೇ ಉಳಿದು ಸೀಸೆಗಳನ್ನು ತೆರೆದು, ಹಲ್ಲು ಮೆತ್ತಗಾಗಿದೆಯೇ ಎಂದು ಸೂಜಿ ಚುಚ್ಚಿ ನೋಡಿದಳು. ಮಾಂಸದ ಹಲ್ಲಿನ ಮೇಲೆ ಸೂಜಿ ಜಾರಿತು. ಬ್ರೆಡ್ಡಿನ ಹಲ್ಲಿನಲ್ಲಿ ಸ್ವಲ್ಪ ಕಚ್ಚಿಕೊಂಡಿತು. ಕಲ್ಲುಸಕ್ಕರೆಯ ಹಲ್ಲು ಬಿಳಿಚಿಕೊಂಡು ಮೆತ್ತಗಾಗಿತ್ತು. ಅವಳಿಗೆ ಒಂದು ಬಗೆಯ ಸಮಾಧಾನವಾಯಿತು. ಗಂಡನಿಗೆ ಇಷ್ಟು ಸಾಕು.

ನಾಲ್ಕನೆಯದಕ್ಕೆ ಸೂಜಿ ಇಟ್ಟಳು. ಒತ್ತಲೇ ಇಲ್ಲ, ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಬುಡದಲ್ಲಿ ಕಂದು ಪಟ್ಟಿ. ಆ ಪಟ್ಟಿ ಅವಳಿಗೆ ಗುರುತಿತ್ತು.

ಅಂದು ಮತ್ತೆ ಕೊಂಡಿದ್ದ ಸಿರಪ್ಪಿನ ಸೀಸೆಯನ್ನು ಚೀಲದಿಂದ ತೆಗೆದು ದೀಪಕ್ಕೆ ಹಿಡಿದಳು. ಅಳತೆ ಎಷ್ಟು, ಕೊನೆಯ ದಿನಾಂಕ ಯಾವುದು ಎಂದು ಆ ಚೀಟಿಯನ್ನು ನೂರು ಸಲ ಓದಿದ್ದಳು. ಅಡಿಯ ಸಣ್ಣಕ್ಷರದ ಸಾಲನ್ನು ಈಗ ಓದಿದಳು. ಅರ್ಧಕ್ಕಿಂತ ಹೆಚ್ಚು ಸಕ್ಕರೆಯ ಪಾಕ. ಎರಡೂವರೆ ವರ್ಷ. ಒಂಬೈನೂರು ರಾತ್ರಿ. ಒಂದನ್ನೂ ತಪ್ಪಿಸಿರಲಿಲ್ಲ. ಹಲ್ಲುಜ್ಜಿಸಿದ ಮೇಲೆ, ಬಾಯಿ ಮುಕ್ಕಳಿಸಲು ಬಿಡದೆ, ನೇರ ನಿದ್ದೆಗೆ. ಫಲಕದಲ್ಲಿ ಅವಳೇ ದುಂಡಗೆ ಬರೆದಿದ್ದಳು: ನಿದ್ದೆಯಲ್ಲಿ ಎಂಜಲು ಬತ್ತುತ್ತದೆ, ಆಗ ಹಲ್ಲಿಗೆ ಕಾವಲಿರುವುದಿಲ್ಲ.

ಎಷ್ಟು ಹೊತ್ತು ಸ್ಟೂಲಿನ ಮೇಲೆ ಕೂತಿದ್ದಳೋ. ಆಮೇಲೆ ಎದ್ದು ನಾಲ್ಕನೆಯ ಸೀಸೆಯನ್ನು ಸಿಂಕಿಗೆ ಬಗ್ಗಿಸಿದಳು. ಮೂರು ಸಲ ತೊಳೆದಳು. ಬೇರೊಂದು ಗಟ್ಟಿ ಹಲ್ಲು ಹಾಕಿ, ನಲ್ಲಿ ನೀರು ತುಂಬಿ, ಹೊಸ ಚೀಟಿ ಅಂಟಿಸಿದಳು: ನೀರು.

ಮರುದಿನ ಜನ ಬಂದರು. ಮೊದಲನೆಯ ಮೇಜಿನ ಬಟ್ಟಲಿನ ಬಿಳಿ ಎಳೆಗಳನ್ನು ನೋಡಿ ನಕ್ಕರು. ನಾಲ್ಕನೆಯ ಮೇಜಿನ ಮುಂದೆ ನಗು ನಿಲ್ಲುತ್ತಿತ್ತು. ಮೇಷ್ಟ್ರು ಹೊಸ ಚೀಟಿಯನ್ನು ಒಂದು ಗಳಿಗೆ ನೋಡಿ ಮುಂದಿನ ಮೇಜಿಗೆ ಹೋದರು. ಗಂಡ ಗಿಣಿಯನ್ನು ಎತ್ತಿಕೊಂಡು ಬಂದ. ಸೊಸೆ ಮೂರನೆಯ ಸೀಸೆಯ ಹಲ್ಲಿಗೆ ಸೂಜಿ ಚುಚ್ಚಿ ತೋರಿಸಿದಳು. ಸೂಜಿ ಒಳಗೆ ಹೋಯಿತು.

"ಹ್ಞೂಂ. ಬಿಡು, ಗೊತ್ತಾಯ್ತು," ಎಂದ ಗಂಡ. ಅವನ ಮುಖ ಸಣ್ಣದಾಗಿತ್ತು.

"ಅಜ್ಜಿ ಕೊಟ್ಟಿದ್ದು ಇದೇನಾ?" ಗಿಣಿ ಸೀಸೆಗೆ ಬೆರಳು ಮಾಡಿದಳು. ಸೊಸೆ ಅವಳ ಬೆರಳನ್ನು ಮಡಚಿ ಕೆಳಗಿಳಿಸಿದಳು.

ರಾತ್ರಿ ಒಂಬತ್ತಕ್ಕೆ ಸಿರಪ್ಪು ಕುಡಿಸಿ, ಬಚ್ಚಲಿಗೆ ಕರೆದೊಯ್ದು ಬಾಯಿ ಮುಕ್ಕಳಿಸಲು ಹೇಳಿದಳು. "ಇದೇನು ಹೊಸ ಪದ್ಧತಿ?" ಎಂದು ಗಂಡ ಕೇಳಿದ. "ಹಲ್ಲಿನ ಡಾಕ್ಟ್ರು ಹೇಳಿದ್ರು," ಎಂದಳು. ಸಕ್ಕರೆಯಿಲ್ಲದ ಔಷಧಿ ಬರೆದುಕೊಡಿ ಎಂದು ನಾಳೆ ಯಾರಿಗೂ ತಿಳಿಯದ ಹಾಗೆ ಕೇಳಬೇಕು.

ಅಷ್ಟರಲ್ಲಿ ಫೋನು ಬಂತು. ಅತ್ತೆ.

"ಮಗ ಎಲ್ಲಾ ಹೇಳ್ದ ಕಣಮ್ಮ. ಹಲ್ಲಲ್ಲಿ ಸೂಜಿ ಇಳೀತಂತೆ. ಐದು ದಿನ ಅಂದಿದ್ದೆ ನಿನಗೆ… ಅದಕ್ಕೂ ಮುಂಚೆ ಕೊಟ್ಟಿರ್ತೀನೇನೋ. ವಯಸ್ಸಾಯ್ತು, ನೆನಪಿರಲ್ಲ. ಅಷ್ಟು ಹಲ್ಲು ಹೋಗಿದೆ ಅಂದ್ಮೇಲೆ ಕೊಟ್ಟಿರ್ಲೇಬೇಕು ಅಲ್ವಾ? ನನ್ನ ಕೈಯಿಂದಲೇ ಆಯ್ತು. ಮಗುಗೆ ಹೇಗೆ ಮುಖ ತೋರಿಸ್ಲಿ ಹೇಳು."

ಸೊಸೆಯ ನಾಲಿಗೆಯ ತುದಿಯಲ್ಲಿ ಒಂದು ವಾಕ್ಯವಿತ್ತು. ತೂಗಿ ನೋಡುವ ಅಗತ್ಯವಿಲ್ಲದ, ನಾಲ್ಕೇ ಪದದ ವಾಕ್ಯ. ಬಚ್ಚಲಲ್ಲಿ ಗಿಣಿ ಇನ್ನೂ ನೀರು ಉಗುಳುತ್ತಿದ್ದಳು. ಗಂಡ ಬಾಗಿಲಲ್ಲಿ ನಿಂತು ಕಿವಿಗೊಟ್ಟಿದ್ದ.

"ಹೋಗ್ಲಿ ಬಿಡಿ ಅತ್ತೆ. ಆಗಿದ್ದು ಆಯ್ತು," ಎಂದಳು. ಕ್ಷಮಿಸಿದವಳ ದನಿ ತನಗೆ ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಹೆದರಿಕೆ ಹುಟ್ಟಿಸಿತು.

ಆಚೆಯಿಂದ ಅಳು ಕೇಳಿಸಿತು. "ನಿನ್ನ ಮನಸ್ಸು ದೊಡ್ಡದು ಕಣಮ್ಮ."

ಫೋನು ಇಟ್ಟ ಮೇಲೆ ಸಿರಪ್ಪಿನ ಸೀಸೆಯ ಸುತ್ತಿನ ಚೀಟಿಯನ್ನು ಉಗುರಿನಿಂದ ಸುಲಿಯುತ್ತಾ ಕೂತಳು. ಗಂಡನಿಗಿಲ್ಲ, ಮೇಷ್ಟ್ರಿಗಿಲ್ಲ, ದೊಡ್ಡವಳಾದ ಮೇಲೆ ಗಿಣಿಗೂ ಇಲ್ಲ. ಅತ್ತೆಗಂತೂ, ಅವರು ಇರುವಷ್ಟು ದಿನ, ಇಲ್ಲವೇ ಇಲ್ಲ. ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿದಳು. ಚೀಟಿಯ ಕೊನೆಯ ಚೂರನ್ನು ನೀರಿನಲ್ಲಿ ನೆನೆಸಿ, ಉಂಡೆ ಮಾಡಿ, ಕಸದ ಬುಟ್ಟಿಯ ತಳಕ್ಕೆ ತುರುಕಿದಳು.